ಜಲ್ಲಿ ಗಣಿಯ ಅಂಚಿನಲ್ಲಿ ನೀರಾವರಿ ಕಾಲುವೆ: ಇದ್ದಲ್ಲಿಯೇ ಬಿಡಬೇಕೇ, ಸುತ್ತುಬಳಸಿ ಒಯ್ಯಬೇಕೇ?

ಪ್ರಶ್ನೆ: ಮಟ್ಟಗೋಲು

ನದಿಯು ಹಿಂದೆಂದೋ ಹಾಸಿಹೋದ ಉರುಟು ಜಲ್ಲಿ ಮತ್ತು ಮರಳಿನ ಪದರದಲ್ಲಿ ತೆರೆಯಬೇಕಾಗಿರುವ ಗಣಿಯೊಂದರ ನೀರಿನ ಯೋಜನೆಯನ್ನು ಸಿದ್ಧಪಡಿಸುವ ಹೊಣೆ ನನ್ನ ಮೇಲಿದೆ. ಮೊದಲ ಹಂತದಲ್ಲಿ ಅಗೆಯುವ ಜಾಗ 5 ಹೆಕ್ಟೇರ್, ಆಳ 9 ಮೀಟರ್. ಜಾಗದ ಮೇಲ್ಭಾಗದಲ್ಲಿ ಇಳಿಜಾರಿಗೆ ಅಡ್ಡಲಾಗಿ ಹಳೆಯದೊಂದು ಮಣ್ಣಿನ ನೀರಾವರಿ ಕಾಲುವೆ ಹರಿಯುತ್ತಿದ್ದು, ಒಂದು ಮೂಲೆಯಲ್ಲಿ ಅದು ಅಗೆತದ ಗಡಿಯೊಳಕ್ಕೇ ಬರುತ್ತದೆ. ಕಾಲುವೆಯಲ್ಲಿ ನೀರಿಲ್ಲದ ತಿಂಗಳುಗಳಲ್ಲಿ ಅಂತರ್ಜಲವು ನೆಲಮಟ್ಟದಿಂದ 7 ಮೀಟರ್ ಕೆಳಗಿರುತ್ತದೆ. ನೀರು ಬಿಟ್ಟ ಕೆಲವು ವಾರಗಳಲ್ಲಿ ಅದು 5 ಮೀಟರಿನವರೆಗೆ ಏರುತ್ತದೆ. ಜಲ್ಲಿ ತೊಳೆಯುವ ಘಟಕವೂ ಇಲ್ಲಿಯೇ ಇರುತ್ತದೆ.

ಕಾಲುವೆಯನ್ನು ಇದ್ದಲ್ಲಿಯೇ ಬಿಟ್ಟು ಗಣಿಯ ಗಡಿಯನ್ನು ಹಿಂದಕ್ಕೆ ಸರಿಸುವುದು ಮೇಲೋ, ಕಾಲುವೆಯನ್ನೇ ಸುತ್ತುಬಳಸಿ ಒಯ್ಯುವುದು ಮೇಲೋ? ಕಾಲುವೆಗೂ ಅಗೆತದ ಅಂಚಿಗೂ ನಡುವೆ ಬಿಡಬೇಕಾದ ಅಂತರಕ್ಕೆ ಲೆಕ್ಕವೇನಾದರೂ ಇದೆಯೇ? ಗಣಿಯ ತಳದಿಂದ ಎತ್ತಿದ ನೀರನ್ನು ಅದೇ ಕಾಲುವೆಗೆ ಬಿಟ್ಟರೆ ರೈತರಿಗೆ ಅನುಕೂಲ, ನಮಗೂ ವಿಲೇವಾರಿಯ ಚಿಂತೆ ತಪ್ಪುತ್ತದೆ ಎಂಬುದು ನಮ್ಮಲ್ಲಿ ಕೆಲವರ ವಾದ, ಅದು ಸರಿಯೇ? ಕೊನೆಯದಾಗಿ, ಹೂಳು ತಂಗುವ ಕೊಳವನ್ನು ಎಷ್ಟು ದೊಡ್ಡದಾಗಿ ಕಟ್ಟಬೇಕು? ಪರವಾನಗಿಯ ಷರತ್ತುಗಳನ್ನು ಓದಿದ್ದೇನೆ. ಅವು ಏನಾಗಬಾರದು ಎಂದು ಹೇಳುತ್ತವೆಯೇ ಹೊರತು ಹೇಗೆ ಮಾಡಬೇಕು ಎಂದು ಹೇಳುವುದಿಲ್ಲ.

ಉತ್ತರ: ತಿಳಿನೀರು

ನಿಮ್ಮ ಪ್ರಶ್ನೆಯಲ್ಲಿಯೇ ಮುಖ್ಯವಾದ ಸುಳಿವೊಂದಿದೆ. ಕಾಲುವೆಗೆ ನೀರು ಬಂದಾಗ ಅಂತರ್ಜಲ 2 ಮೀಟರ್ ಏರುತ್ತದೆ ಎಂದರೆ, ಕಾಲುವೆಯಿಂದಲೋ ಅದು ಉಣಿಸುವ ಹೊಲಗಳಿಂದಲೋ ಬಸಿದ ನೀರು ಈಗಾಗಲೇ ನೀವು ಅಗೆಯಲಿರುವ ಪದರವನ್ನು ಸೇರುತ್ತಿದೆ. ಗಣಿ ತೆರೆದ ಮೇಲೆ ಆ ನೀರು ಹೊರಬರುವ ಜಾಗ ನಿಮ್ಮ ಗಣಿಯ ಗೋಡೆ. ಆದ್ದರಿಂದ ಮಳೆನೀರು, ಕಾಲುವೆ, ಅಂತರ್ಜಲ ಎಂದು ಮೂರು ಬೇರೆ ಕಡತಗಳನ್ನು ಮಾಡಿ ಒಂದೊಂದನ್ನೂ ಬೇರೆಯವರಿಗೆ ವಹಿಸಿದರೆ, ಮೂರನ್ನೂ ಸೇರಿಸುವ ಈ ಸಂಗತಿಯೇ ಯಾರ ಕಣ್ಣಿಗೂ ಬೀಳದೆ ಹೋಗುತ್ತದೆ. ಲೆಕ್ಕವನ್ನು ಒಟ್ಟಿಗೆ ಮಾಡಬೇಕು. ನೀರನ್ನು ಮಾತ್ರ ಬೇರೆಬೇರೆಯಾಗಿ ಹರಿಸಬೇಕು.

ಅಂತರದ ವಿಚಾರಕ್ಕೆ ಬರೋಣ. ಒಣಗಿದ ಜಲ್ಲಿಯ ರಾಶಿ ಸುಮಾರು 35 ಡಿಗ್ರಿ ಇಳಿಜಾರಿನಲ್ಲಿ ತಾನಾಗಿ ನಿಲ್ಲುತ್ತದೆ. ಆದರೆ ಅದೇ ಇಳಿಜಾರಿನೊಳಗೆ ಮೇಲ್ಮೈಗೆ ಸಮಾನಾಂತರವಾಗಿ ನೀರು ಬಸಿಯುತ್ತಿದ್ದರೆ, ನಿಲ್ಲಬಲ್ಲ ಇಳಿಜಾರಿನ ಸ್ಪರ್ಶಕವು (ಅಡ್ಡ ದೂರಕ್ಕೆ ಎಷ್ಟು ಇಳಿತ ಎಂಬ ಅನುಪಾತ) ಸುಮಾರು ಅರ್ಧಕ್ಕಿಳಿಯುತ್ತದೆ. ಏಕೆಂದರೆ ನೀರಿನಲ್ಲಿ ಮುಳುಗಿದ ಜಲ್ಲಿಯ ಪರಿಣಾಮಕಾರಿ ತೂಕ ನೆನೆದ ಜಲ್ಲಿಯ ಒಟ್ಟು ತೂಕದ ಅರ್ಧದಷ್ಟು ಮಾತ್ರ. 35 ಡಿಗ್ರಿಯ ಸ್ಪರ್ಶಕ 0.7, ಅದರ ಅರ್ಧ 0.35, ಅಂದರೆ ಸುಮಾರು 19 ಡಿಗ್ರಿ. ಇದು ಹೆಚ್ಚುಕಡಿಮೆ 3 ಮೀಟರ್ ಅಡ್ಡಕ್ಕೆ 1 ಮೀಟರ್ ಇಳಿಯುವ ಇಳಿಜಾರು. ಕಾಲುವೆಯ ಕಡೆಯ ಗೋಡೆ ನೀರು ಒಸರುವ ಗೋಡೆಯೇ ಆಗಿರುತ್ತದೆ ಎಂದು ಭಾವಿಸಿ, ಗಣಿಯ ಪಾದದಿಂದ ಮೇಲಕ್ಕೆ ಮೂರಕ್ಕೆ ಒಂದರಂತೆ ಗೆರೆ ಎಳೆಯಿರಿ. 9 ಮೀಟರ್ ಆಳಕ್ಕೆ ಅದು ಪಾದದಿಂದ 27 ಮೀಟರ್ ದೂರದಲ್ಲಿ ನೆಲವನ್ನು ಮುಟ್ಟುತ್ತದೆ. ಅದರಾಚೆ ಯಂತ್ರ ಓಡಾಡುವಷ್ಟು ಪಟ್ಟಿಯನ್ನು ಬಿಟ್ಟು, ಆ ಬಳಿಕ ಕಾಲುವೆಯ ಒಡ್ಡು ಆರಂಭವಾಗಬೇಕು. ಇದು ಮೊದಲ ಅಂದಾಜಿಗೆ ಸಾಕು; ಗೋಡೆಯಲ್ಲಿ ಸಣ್ಣ ಮರಳಿನ ಅಥವಾ ಜೇಡಿಯ ಪಟ್ಟಿಗಳಿದ್ದರೆ ಮಣ್ಣು ತಜ್ಞರ ಸ್ಥಿರತೆಯ ವಿಶ್ಲೇಷಣೆಯಿಲ್ಲದೆ ಮುಂದುವರಿಯಬಾರದು. ಜೇಡಿಯ ಪಟ್ಟಿಯ ಮೇಲೆ ನೀರು ನಿಂತು, ಅಲ್ಲಿಂದ ಅಡ್ಡಲಾಗಿ ಹೊರಬಂದು, ತನ್ನೊಡನೆ ಸಣ್ಣ ಕಣಗಳನ್ನು ಎಳೆದು ತಂದರೆ ಒಡ್ಡಿನ ಅಡಿಯಲ್ಲಿ ಕೊಳವೆಯಂಥ ಟೊಳ್ಳು ಹಿಮ್ಮುಖವಾಗಿ ಬೆಳೆಯುತ್ತದೆ. ಗೋಡೆಯಿಂದ ಬರುವ ಒಸರು ತಿಳಿಯಾಗಿದೆಯೇ ಕದಡಿದೆಯೇ ಎಂದು ದಿನವೂ ನೋಡುವುದು ಇದಕ್ಕಾಗಿಯೇ. ತಿಳಿಯಾದ ಒಸರು ಪಂಪಿನ ಖರ್ಚು. ಕದಡಿದ ಒಸರು ಕೆಲಸ ನಿಲ್ಲಿಸಬೇಕಾದ ಸೂಚನೆ.

ಮೇಲಿನಿಂದ ಹರಿದು ಬರುವ ಮಳೆನೀರಿಗೆ ಹೆಚ್ಚು ಹೇಳಬೇಕಾದ್ದಿಲ್ಲ. ಗಣಿಯ ಮೇಲ್ಭಾಗದಲ್ಲಿ ತಡೆಗಾಲುವೆ ತೋಡಿ, ಹೊರಗಿನ ನೀರು ಗಣಿಯ ಮಣ್ಣನ್ನು ಮುಟ್ಟುವ ಮೊದಲೇ ಅದನ್ನು ಸಹಜ ಹಳ್ಳಕ್ಕೆ ತಿರುಗಿಸಬೇಕು. ಅದರ ಇಳಿಜಾರಿನ ವಿಷಯದಲ್ಲಿ ಮಾತ್ರ ಎಚ್ಚರವಿರಲಿ. ಫೋರ್ಟಿಯರ್ ಮತ್ತು ಸ್ಕೋಬಿ 1926ರಲ್ಲಿ ಪ್ರಕಟಿಸಿದ ವೇಗದ ಮಿತಿಗಳನ್ನು ಇಂದಿಗೂ ಬಳಸುತ್ತಾರೆ. ಅದರಂತೆ ತಿಳಿನೀರಿಗೆ ಸಣ್ಣ ಮರಳಿನ ತಳ ಸೆಕೆಂಡಿಗೆ 0.45 ಮೀಟರ್ ವೇಗವನ್ನು, ದಪ್ಪ ಜಲ್ಲಿಯ ತಳ 1.2 ಮೀಟರ್ ವೇಗವನ್ನು ತಾಳಿಕೊಳ್ಳುತ್ತದೆ. ನಿಮ್ಮಲ್ಲಿ ಎರಡೂ ಬೆರೆತಿರುವುದರಿಂದ ಕಡಿಮೆಯದನ್ನೇ ಹಿಡಿಯಿರಿ; ವೇಗ ಅದನ್ನು ಮೀರುವಷ್ಟು ಕಡಿದಾದ ಕಡೆಗಳಲ್ಲಿ ಕಲ್ಲು ಹಾಸಿರಿ.

ಉತ್ತರ: ಕಾಲುವೆಯಂಚು

ನಾನು ಗಣಿಯವನಲ್ಲ, ಇಂಥದೇ ಕಾಲುವೆಯೊಂದರ ಬಳಕೆದಾರರ ಸಂಘದ ಪರವಾಗಿ ನೀರಿನ ಅಳತೆಯನ್ನು ನೋಡಿಕೊಳ್ಳುವವನು. ಮೇಲಿನ ಉತ್ತರವನ್ನು ಒಪ್ಪುತ್ತೇನೆ, ಆದರೆ ಕಾಲುವೆಯನ್ನು ಕೇವಲ ಗಣಿಗೆ ಬಸಿಯುವ ನೀರಿನ ಮೂಲವೆಂದು ನೋಡಿದರೆ ಸಾಲದು. ಅದರ ಕೊನೆಯ ತೂಬಿನಲ್ಲಿ ಕಾಯುತ್ತಿರುವವರ ಕಡೆಯಿಂದಲೂ ನೋಡಬೇಕು.

ಗಣಿಯವರು ಸಾಮಾನ್ಯವಾಗಿ ತಿಳಿಯದ ಸಂಗತಿಯೊಂದನ್ನು ಮೊದಲು ಹೇಳುತ್ತೇನೆ. ಜಲ್ಲಿ ನೆಲದ ಮೇಲೆ ಹರಿಯುವ ಹಳೆಯ ಕಾಲುವೆ ನೀರನ್ನು ಹಿಡಿದಿಡುವುದು ತನ್ನ ತಳದ ಹೂಳಿನಿಂದ. ಶುದ್ಧ ಜಲ್ಲಿಯ ಮೂಲಕ ನೀರು ಸೆಕೆಂಡಿಗೆ ಮಿಲಿಮೀಟರುಗಳ ಲೆಕ್ಕದಲ್ಲಿ ಇಳಿಯಬಲ್ಲದು. ವರ್ಷಗಳಿಂದ ತಂಗಿದ ತೆಳುವಾದ ಹೂಳಿನ ಪದರ ಜಲ್ಲಿಯ ಸಂದುಗಳನ್ನು ಮುಚ್ಚಿ, ಆ ಇಳಿಕೆಯನ್ನು ಬಹಳಷ್ಟು ತಡೆದಿರುತ್ತದೆ. ನೀವು ಪಕ್ಕದಲ್ಲಿ ಹೊಸದಾಗಿ ತೋಡುವ ಕಾಲುವೆಗೆ ಆ ಪದರವಿರುವುದಿಲ್ಲ. ಅಳತೆ, ಇಳಿಜಾರು, ಆಕಾರಗಳೆಲ್ಲ ಹಳೆಯದರಂತೆಯೇ ಇದ್ದರೂ ಮೊದಲ ಬಾರಿ ನೀರು ಬಿಟ್ಟಾಗ ಕೊನೆಯ ತೂಬಿಗೆ ನೀರೇ ಮುಟ್ಟದಿರಬಹುದು. ಹಳೆಯ ಕಾಲುವೆಯನ್ನು ಉಳಿಸಿಕೊಂಡರೂ, ಉಪಕಾರವೆಂದು ಭಾವಿಸಿ ನಿಮ್ಮ ಅಗೆಯುವ ಯಂತ್ರದಿಂದ ಅದರ ತಳವನ್ನು ಜಲ್ಲಿ ಕಾಣುವವರೆಗೆ ಕೆರೆದು ಶುಚಿಗೊಳಿಸಿದರೆ ಆಗುವುದು ಇದೇ.

ಆದ್ದರಿಂದ ಒಂದು ಬುಟ್ಟಿ ಮಣ್ಣನ್ನೂ ತೆಗೆಯುವ ಮೊದಲು ಕಾಲುವೆಯನ್ನು ಅಳೆಯಿರಿ. ಗಣಿಯ ಜಾಗಕ್ಕೆ ಮೇಲೆ ಒಂದು, ಕೆಳಗೆ ಒಂದು ಪಾರ್ಶಾಲ್ ಅಳತೆ ತೊಟ್ಟಿಯನ್ನು (ನಡುವೆ ಕಿರಿದಾದ, ನೀರಿನ ಮಟ್ಟದಿಂದ ಹರಿವನ್ನು ತಿಳಿಸುವ ತೊಟ್ಟಿ) ಕೂರಿಸಿ, ಕನಿಷ್ಠ ಒಂದು ಪೂರ್ಣ ನೀರಾವರಿ ಋತುವಿನ ದಾಖಲೆಯನ್ನು ಇಟ್ಟುಕೊಳ್ಳಿ. ಆದರೆ ಈ ತೊಟ್ಟಿಗಳ ಅಳತೆಯಲ್ಲಿ ನೂರಕ್ಕೆ ಮೂರರಿಂದ ಐದರಷ್ಟು ಹೆಚ್ಚುಕಡಿಮೆ ಇರುವುದು ಸಾಮಾನ್ಯ. ಎರಡರ ವ್ಯತ್ಯಾಸದಿಂದ ನೂರಕ್ಕೆ ಎರಡರ ಸೋರಿಕೆಯನ್ನು ಯಾರಾದರೂ ಸಾಧಿಸಿ ತೋರಿಸಿದರೆ ನಂಬಬೇಡಿ, ಅದು ನಿಮ್ಮ ಪರವಾಗಿದ್ದರೂ ಸರಿ. ಸಣ್ಣ ಸೋರಿಕೆಯನ್ನು ಹಿಡಿಯಬೇಕಾದರೆ ನೀರಾವರಿ ಮುಗಿದ ಮೇಲೆ ಆ ತುಂಡಿನ ಎರಡೂ ತುದಿಗಳಿಗೆ ಮಣ್ಣಿನ ಅಡ್ಡಕಟ್ಟೆ ಹಾಕಿ, ನೀರು ತುಂಬಿಸಿ, ಮಟ್ಟ ಎಷ್ಟು ಬೇಗ ಇಳಿಯುತ್ತದೆ ಎಂದು ನೋಡಿ, ಅದರಿಂದ ಆವಿಯಾದದ್ದನ್ನು ಕಳೆಯಬೇಕು. ಹರಿಯುವ ನೀರಿನ ಗೊಂದಲವಿಲ್ಲದ ಕಾರಣ ಇದು ಹೆಚ್ಚು ನಂಬಿಕೆಗೆ ಅರ್ಹ. ಗಣಿ ಆರಂಭವಾದ ಮೇಲೆ "ಮೊದಲು ಇಷ್ಟು ಸೋರುತ್ತಿರಲಿಲ್ಲ" ಎಂಬ ದೂರು ಬಂದೇ ಬರುತ್ತದೆ. ಆಗ ಎರಡೂ ಕಡೆಯವರು ಸಹಿ ಮಾಡಿದ ಹಳೆಯ ಅಳತೆ ಇದ್ದರೆ ಮಾತು ಬೇಗ ಮುಗಿಯುತ್ತದೆ.

ಇಳಿಜಾರಿಗೆ ಅಡ್ಡಲಾಗಿ ಹರಿಯುವ ಕಾಲುವೆ ಮಳೆಗಾಲದಲ್ಲಿ ತಾನೇ ಒಂದು ತಡೆಗಾಲುವೆಯಾಗಿಬಿಡುತ್ತದೆ ಎಂಬುದನ್ನೂ ಗಮನಿಸಿ. ಮೇಲಿನ ಇಳಿಜಾರಿನ ನೀರೆಲ್ಲ ಅದಕ್ಕೆ ಬಂದು ಬೀಳುತ್ತದೆ, ತೂಬುಗಳು ಮುಚ್ಚಿರುತ್ತವೆ, ಒಡ್ಡು ಎಲ್ಲಿ ತಗ್ಗಿದೆಯೋ ಅಲ್ಲಿ ನೀರು ಉಕ್ಕುತ್ತದೆ. ಕೆಳಗೆ ಹೊಲವಿದ್ದಾಗ ಉಕ್ಕಿದ ನೀರು ಹರಡಿ ಇಂಗುತ್ತಿತ್ತು. ಕೆಳಗೆ 9 ಮೀಟರ್ ಆಳದ ಗಣಿ ಇದ್ದರೆ ಅದೇ ನೀರು ಗೋಡೆಯನ್ನು ಕೊರೆಯುತ್ತ ಹಿಂದಕ್ಕೆ ನುಗ್ಗಿ, ಅಲ್ಪ ಹೊತ್ತಿನಲ್ಲಿಯೇ ಕಾಲುವೆಯನ್ನು ಒಡೆದು, ಅದರ ಪೂರ್ತಿ ಹರಿವನ್ನು ಗಣಿಯೊಳಕ್ಕೆ ಎಳೆದುಕೊಳ್ಳುತ್ತದೆ. ಗಣಿಗಿಂತ ಮೇಲ್ಭಾಗದಲ್ಲಿ ಕಾಲುವೆಗೆ ಕಲ್ಲುಕಟ್ಟಡದ ಕೋಡಿಯೊಂದನ್ನು ಇಟ್ಟು, ಹೆಚ್ಚುವರಿ ನೀರು ಸಹಜ ಹಳ್ಳಕ್ಕೆ ಹೋಗುವಂತೆ ಮಾಡುವುದು ಇಡೀ ಯೋಜನೆಯಲ್ಲಿ ಅತ್ಯಂತ ಅಗ್ಗದ ವಿಮೆ. ನಿಮ್ಮ ಪ್ರಶ್ನೆಯಲ್ಲಿ ಇದರ ಮಾತು ಇಲ್ಲದಿರುವುದನ್ನು ನೋಡಿ ನನಗೆ ಅಚ್ಚರಿಯಾಗಲಿಲ್ಲ; ನಾನು ಕಂಡ ಯೋಜನೆಗಳಲ್ಲಿ ಹೆಚ್ಚಿನವುಗಳಲ್ಲಿ ಇರಲಿಲ್ಲ.

ಇನ್ನು ಗಣಿಯ ನೀರನ್ನು ಕಾಲುವೆಗೆ ಬಿಡುವ ಮಾತು. ಇದು ರೈತರಿಗೆ ಉಪಕಾರ ಎಂಬ ವಾದವನ್ನು ದಯವಿಟ್ಟು ಕೈಬಿಡಿ. ನಿಮಗೆ ನೀರು ಹೆಚ್ಚಾಗುವುದು ಮಳೆ ಬಂದಾಗ. ಅವರಿಗೆ ನೀರು ಬೇಡವಾಗುವುದೂ ಆಗಲೇ. ನಿಮ್ಮ ನೀರಿನ ಸಣ್ಣ ಹೂಳು ಕಾಲುವೆಯ ತಳದಲ್ಲಿ ತಂಗಿ ಅದರ ಸಾಮರ್ಥ್ಯವನ್ನು ಕುಗ್ಗಿಸುತ್ತದೆ, ಹನಿ ನೀರಾವರಿಯ ಶೋಧಕಗಳನ್ನು ಮುಚ್ಚಿಹಾಕುತ್ತದೆ. ಯಂತ್ರಗಳ ಎಣ್ಣೆ ಒಮ್ಮೆ ಸೇರಿದರಂತೂ ಯಾವ ವಿವರಣೆಯೂ ನಡೆಯುವುದಿಲ್ಲ. ಬಿಡಲೇಬೇಕಾದರೆ ಲಿಖಿತ ಒಪ್ಪಿಗೆ, ಬಿಡುವ ಜಾಗದಲ್ಲಿ ಅಳತೆ, ಕದಡಿನ ಮಿತಿ, ಮತ್ತು ಕಾಲುವೆಯವರು ಹೇಳಿದ ಕೂಡಲೇ ಪಂಪನ್ನು ನಿಲ್ಲಿಸುವ ವ್ಯವಸ್ಥೆ ಇರಬೇಕು. ಹಾಗೆ ನಿಲ್ಲಿಸಿದಾಗ ನೀರು ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ ನಿಮ್ಮಲ್ಲಿ ಉತ್ತರವಿಲ್ಲದಿದ್ದರೆ, ಕಾಲುವೆ ನಿಮ್ಮ ಯೋಜನೆಯ ಭಾಗವಾಗಲು ಯೋಗ್ಯವಲ್ಲ.

ಮಟ್ಟಗೋಲು

ಇಬ್ಬರಿಗೂ ಕೃತಜ್ಞತೆಗಳು. ಕೋಡಿಯ ವಿಚಾರ ನಮ್ಮ ನಕ್ಷೆಯಲ್ಲಿ ಇರಲಿಲ್ಲ ಎಂಬುದು ನಿಜ, ಸೇರಿಸುತ್ತಿದ್ದೇವೆ. ಕಾಲುವೆಗೆ ನೀರು ಬಿಡುವ ಆಲೋಚನೆಯನ್ನು ಸದ್ಯಕ್ಕೆ ಬದಿಗಿಟ್ಟು, ಕೆಳಗಿನ ಹಳ್ಳಕ್ಕೆ ಬಿಡುವುದಾದರೆ ಎಂದು ಲೆಕ್ಕ ಹಾಕುತ್ತಿದ್ದೇನೆ. ಪರೀಕ್ಷಾ ಬಾವಿಗಳಿಂದ ತಿಳಿದಂತೆ ನೀರಾವರಿ ಕಾಲದಲ್ಲಿ ಗಣಿಗೆ ಒಸರುವ ನೀರು ಸೆಕೆಂಡಿಗೆ ಸುಮಾರು 25 ಲೀಟರ್. ನಾವು ತರಲಿರುವ ಪಂಪಿನ ಸಾಮರ್ಥ್ಯ 40 ಲೀಟರ್. ವಿನ್ಯಾಸಕ್ಕೆ ಹಿಡಿದ ಮಳೆ ಗಂಟೆಗೆ 40 ಮಿಲಿಮೀಟರ್ ತೀವ್ರತೆಯದು, ಒಟ್ಟು 60 ಮಿಲಿಮೀಟರ್. ಗಣಿಯ ತಳಕ್ಕೆ ಹರಿವಿನ ಗುಣಾಂಕವನ್ನು (ಬಿದ್ದ ಮಳೆಯಲ್ಲಿ ಇಂಗದೆ ಹರಿಯುವ ಪಾಲು) 0.5 ಎಂದು ಹಿಡಿದಿದ್ದೇನೆ. ಈ ಅಂಕಿಗಳಿಗೆ ಕೊಳದ ಅಳತೆ ಎಷ್ಟಾಗಬಹುದು?

ಉತ್ತರ: ಕಣತೂಕ

ಕೊಳದ ಲೆಕ್ಕವನ್ನು ಬಹಳ ಜನ ಘನ ಅಳತೆಯಿಂದ ಆರಂಭಿಸುತ್ತಾರೆ. ಆರಂಭಿಸಬೇಕಾದುದು ಮೇಲ್ಮೈ ವಿಸ್ತೀರ್ಣದಿಂದ. ಕೊಳಕ್ಕೆ ಬರುವ ಹರಿವನ್ನು ಕೊಳದ ಮೇಲ್ಮೈಯಿಂದ ಭಾಗಿಸಿದರೆ ಬರುವ ವೇಗಕ್ಕಿಂತ ಬೇಗನೆ ಮುಳುಗುವ ಕಣಗಳು ಮಾತ್ರ ಪೂರ್ತಿಯಾಗಿ ತಳವನ್ನು ಸೇರುತ್ತವೆ, ಉಳಿದದ್ದರಲ್ಲಿ ಒಂದು ಪಾಲು ಹೊರಗೆ ಹೋಗುತ್ತದೆ. ಸಣ್ಣ ಕಣಗಳು ಮುಳುಗುವ ವೇಗವನ್ನು ತಿಳಿಸುವ ಸ್ಟೋಕ್ಸ್ ನಿಯಮದಂತೆ 20 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ 0.02 ಮಿಲಿಮೀಟರಿನ ಕಣ ಸೆಕೆಂಡಿಗೆ ಸುಮಾರು 0.36 ಮಿಲಿಮೀಟರ್ ಇಳಿಯುತ್ತದೆ, 0.01 ಮಿಲಿಮೀಟರಿನದು ಅದರ ಕಾಲು ಭಾಗ, ಅಂದರೆ 0.09 ಮಿಲಿಮೀಟರ್. ವ್ಯಾಸ ಅರ್ಧವಾದರೆ ವೇಗ ನಾಲ್ಕನೇ ಒಂದಾಗುತ್ತದೆ ಎಂಬುದೇ ಈ ಕೆಲಸದ ಕಷ್ಟವೆಲ್ಲ. ನೀರು ತಣ್ಣಗಾದಷ್ಟೂ ಅಂಟು ಹೆಚ್ಚಿ ವೇಗ ಇನ್ನೂ ಇಳಿಯುತ್ತದೆ. 5 ಡಿಗ್ರಿಯಲ್ಲಿ ಅದು ಸುಮಾರು ಮೂರನೇ ಒಂದು ಭಾಗದಷ್ಟು ಕಡಿಮೆ.

ಈಗ ನಿಮ್ಮ ಅಂಕಿಗಳು. ಗುಣಾಂಕ 0.5, ತೀವ್ರತೆ 40, ವಿಸ್ತೀರ್ಣ 5 ಹೆಕ್ಟೇರ್. ಮೂರನ್ನೂ ಗುಣಿಸಿ, ಅಳತೆಯ ಮಾನಗಳನ್ನು ಹೊಂದಿಸಲು 360ರಿಂದ ಭಾಗಿಸಿದರೆ ಗರಿಷ್ಠ ಹರಿವು ಸೆಕೆಂಡಿಗೆ ಸುಮಾರು 0.28 ಘನಮೀಟರ್. ಈ ಹರಿವನ್ನು ನೇರವಾಗಿ ಕೊಳಕ್ಕೆ ತಂದು 0.01 ಮಿಲಿಮೀಟರಿನ ಕಣವನ್ನು ಹಿಡಿಯಬೇಕೆಂದರೆ 3,100 ಚದರ ಮೀಟರ್ ಬೇಕು. ಸುಳಿ ಮತ್ತು ಗಾಳಿಗಾಗಿ ಇಮ್ಮಡಿ ಮಾಡಿದರೆ 6,200. ನಿಮ್ಮ ಅಗೆತದ ಜಾಗದ ಎಂಟನೇ ಒಂದು ಭಾಗ ಕೊಳಕ್ಕೇ ಹೋಯಿತು.

ಆದರೆ ಗಣಿಯಲ್ಲಿ ಗರಿಷ್ಠ ಹರಿವನ್ನು ಎದುರಿಸುವ ಅಗತ್ಯವೇ ಇಲ್ಲ. ತೆರೆದ ಗಣಿಯೇ ದೊಡ್ಡ ತೊಟ್ಟಿ. 5 ಹೆಕ್ಟೇರ್ ಮೇಲೆ 60 ಮಿಲಿಮೀಟರ್ ಮಳೆ ಎಂದರೆ 3,000 ಘನಮೀಟರ್, ಗುಣಾಂಕ 0.5 ಎಂದಾದರೆ ತಗ್ಗಿಗೆ ಬಂದು ಸೇರುವುದು 1,500. ಅದನ್ನು ಗಣಿಯ ಅತಿ ತಗ್ಗಿನ ಮೂಲೆಯಲ್ಲಿ, ಯಂತ್ರಗಳು ನಿಲ್ಲದ ಕಡೆ, ತೋಡಿದ ಗುಂಡಿಯಲ್ಲಿ ನಿಲ್ಲಿಸಿಕೊಳ್ಳಿ. ನಿಮ್ಮ ಪಂಪಿನ 40 ಲೀಟರಿನಲ್ಲಿ 25 ಒಸರಿಗೇ ಹೋಗುವುದರಿಂದ ಮಳೆನೀರಿಗೆ ಉಳಿಯುವುದು 15 ಲೀಟರ್, ಗಂಟೆಗೆ 54 ಘನಮೀಟರ್. ಸುಮಾರು 28 ಗಂಟೆಗಳಲ್ಲಿ ಗುಂಡಿ ಖಾಲಿಯಾಗುತ್ತದೆ. ಹೀಗೆ ಮಾಡಿದರೆ ಕೊಳಕ್ಕೆ ಯಾವಾಗಲೂ ಬರುವುದು 40 ಲೀಟರಿಗಿಂತ ಹೆಚ್ಚಲ್ಲ. ಬೇಕಾಗುವ ಮೇಲ್ಮೈ 445 ಚದರ ಮೀಟರ್, ಇಮ್ಮಡಿಯೆಂದರೆ 900ರ ಹತ್ತಿರ. ದಪ್ಪ ಕಣಗಳು ಗುಂಡಿಯಲ್ಲಿಯೇ ಉಳಿಯುವುದು ಹೆಚ್ಚಿನ ಲಾಭ. ಪಂಪಿನ ಬಾಯಿಯನ್ನು ತಳಕ್ಕೆ ಇಳಿಸದೆ ತೇಲುವ ಡ್ರಮ್ಮಿಗೆ ಕಟ್ಟಿ, ಮೇಲ್ಪದರದ ನೀರನ್ನಷ್ಟೇ ಎಳೆಯಿರಿ. ಒಸರುವ ಅಂತರ್ಜಲ ಸಾಮಾನ್ಯವಾಗಿ ತಿಳಿಯಾಗಿರುತ್ತದೆ. ಅದನ್ನು ಗೋಡೆಯ ಪಾದದಲ್ಲಿಯೇ ಬಸಿಗಾಲುವೆಯಿಂದ ಹಿಡಿದು ಬೇರೆ ಪಂಪಿನಿಂದ ಎತ್ತಿದರೆ ಕೊಳದ ಹೊರೆ ಇನ್ನೂ ಇಳಿಯುತ್ತದೆ. ತಿಳಿನೀರನ್ನು ರಾಡಿ ಮಾಡಿ, ಆಮೇಲೆ ಅದನ್ನೇ ತಿಳಿಗೊಳಿಸಲು ಹಣ ಸುರಿಯುವ ಕೆಲಸ ಗಣಿಗಳಲ್ಲಿ ಬೇಕಾದಷ್ಟು ನಡೆಯುತ್ತದೆ.

ಕೊಳ ಅಗಲಕ್ಕಿಂತ ನಾಲ್ಕೈದು ಪಟ್ಟು ಉದ್ದವಿರಲಿ, ಒಳಬಾಯಿಯಲ್ಲಿ ನೀರಿನ ಹೊಡೆತವನ್ನು ಅಗಲಕ್ಕೆಲ್ಲ ಹರಡುವ ತಡೆ ಇರಲಿ. ಹೊರಬಾಯಿಯಲ್ಲಿ 90 ಡಿಗ್ರಿಯ ವಿ ಆಕಾರದ ಅಳತೆ ಹಲಗೆ ಇಟ್ಟರೆ ಹರಿವಿನ ದಾಖಲೆಯೂ ಸಿಗುತ್ತದೆ: ಆ ವಿ ಆಕಾರದ ಕೆಳತುದಿಯಿಂದ ನೀರಿನ ಎತ್ತರ 15 ಸೆಂಟಿಮೀಟರ್ ಇದ್ದರೆ ಸೆಕೆಂಡಿಗೆ 12 ಲೀಟರ್, 20 ಇದ್ದರೆ ಸುಮಾರು 25 ಲೀಟರ್.

ಇದೆಲ್ಲ 0.01 ಮಿಲಿಮೀಟರಿನವರೆಗಿನ ಮಾತು. 0.002 ಮಿಲಿಮೀಟರಿನ ಜೇಡಿಯ ಕಣ ನಿಶ್ಚಲ ನೀರಿನಲ್ಲಿ ಒಂದು ಮೀಟರ್ ಇಳಿಯಲು ಮೂರು ದಿನಗಳಿಗಿಂತ ಹೆಚ್ಚು ತೆಗೆದುಕೊಳ್ಳುತ್ತದೆ, ಮತ್ತು ಯಾವ ಕೊಳದ ನೀರೂ ಅಷ್ಟು ದಿನ ನಿಶ್ಚಲವಾಗಿರುವುದಿಲ್ಲ. ತೊಳೆಯುವ ಘಟಕದ ನೀರಿನಲ್ಲಿ ಇಂಥ ಕಣಗಳು ಹೆಚ್ಚು. ಆದ್ದರಿಂದ ಆ ನೀರನ್ನು ಬೇರೆ ಕೊಳಗಳಲ್ಲಿ ಸುತ್ತಿಸಿ ಮರಳಿ ಬಳಸಿರಿ, ಹೊರಬಿಡುವ ನೀರಿನೊಂದಿಗೆ ಎಂದೂ ಸೇರಿಸಬೇಡಿ. ಕಣಗಳನ್ನು ಗರಣೆಗಟ್ಟಿಸುವ ಪಾಲಿಅಕ್ರಿಲಮೈಡ್ ಬಳಸುವುದಾದರೆ ಮೊದಲು ಗಾಜಿನ ಜಾಡಿಗಳಲ್ಲಿ ಬೇರೆಬೇರೆ ಪ್ರಮಾಣ ಹಾಕಿ ಪರೀಕ್ಷಿಸಿ. ಹಳ್ಳ ಸೇರುವ ನೀರಿಗೆ ಋಣ ವಿದ್ಯುದಂಶದ ಬಗೆಯನ್ನೇ ಆರಿಸಿ. ಧನ ವಿದ್ಯುದಂಶದ್ದು ಮೀನಿನ ಕಿವಿರುಗಳಿಗೆ ಅಂಟಿ ಅವುಗಳನ್ನು ಕೊಲ್ಲುತ್ತದೆ.

ಉತ್ತರ: ತಿಳಿನೀರು

ಕಣತೂಕ ಅವರ ಲೆಕ್ಕಕ್ಕೆ ಒಂದು ತಿದ್ದುಪಡಿ. ಗಣಿಯನ್ನು ತೊಟ್ಟಿಯಾಗಿ ಬಳಸುವುದು ಸರಿಯೇ, ಆದರೆ 28 ಗಂಟೆ ನಿಂತ ನೀರು ಗೋಡೆಯ ಪಾದವನ್ನು ನೆನೆಸುತ್ತದೆ. ಪಂಪು ಬೇಗನೆ ಎಳೆದಾಗ ಗೋಡೆಯೊಳಗಿನ ನೀರು ಹಿಂದುಳಿದು ಪಾದ ಕುಸಿಯಬಹುದು. ಗುಂಡಿಯನ್ನು ಕಾಲುವೆಯ ಕಡೆಯ ಗೋಡೆಯಿಂದ ಆದಷ್ಟು ದೂರದ ಮೂಲೆಯಲ್ಲಿ ತೋಡುವುದು ಒಳ್ಳೆಯದು.

ಸ್ಥಳಾಂತರದ ಪ್ರಶ್ನೆಗೆ ಇನ್ನೂ ಯಾರೂ ನೇರವಾಗಿ ಉತ್ತರಿಸಿಲ್ಲ. ಒಂದು ಮೂಲೆಯಷ್ಟೇ ಅಡ್ಡಬರುತ್ತಿದ್ದರೆ, ಆ ಮೂಲೆಯ ಜಲ್ಲಿಯನ್ನು ಬಿಟ್ಟುಬಿಡುವುದೇ ನನ್ನ ಸಲಹೆ. ಅಲ್ಲಿ ಸಿಗುವ ಜಲ್ಲಿಯ ಬೆಲೆಯ ಎದುರಿಗೆ ಹೊಸ ಕಾಲುವೆ, ಅದರ ಹೊದಿಕೆ, ಗಣಿ ಇರುವವರೆಗಿನ ಹೊಣೆ ಇವನ್ನೆಲ್ಲ ಇಟ್ಟು ತೂಗಿದರೆ ಬಹುಪಾಲು ಸಂದರ್ಭಗಳಲ್ಲಿ ಬಿಡುವುದೇ ಲಾಭ. ಸರಿಸಲೇಬೇಕಾದರೆ ಹೊಸ ತುಂಡಿಗೆ ಹೊದಿಕೆ ಹಾಕದೆ ಬಿಡುವ ಮಾತೇ ಇಲ್ಲ. ಕಾಲುವೆಯಂಚು ಅವರು ಅದರ ಕಾರಣವನ್ನು ಹೇಳಿದ್ದಾರೆ. ಚೆನ್ನಾಗಿ ದಮ್ಮಸ್ಸು ಮಾಡಿದ ಜೇಡಿಯ ಮೂಲಕ ನೀರು ಇಳಿಯುವ ವೇಗವನ್ನು ಸೆಕೆಂಡಿಗೆ ಒಂದು ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗಕ್ಕೆ ಇಳಿಸಬಹುದು, ಆದರೆ ಕಾಲುವೆ ಬರಿದಾದ ತಿಂಗಳುಗಳಲ್ಲಿ ಅದು ಒಣಗಿ ಬಿರುಕು ಬಿಡುತ್ತದೆ. ಮೇಲೆ ಮಣ್ಣಿನ ಹೊದಿಕೆ ಬೇಕು. ಪ್ಲಾಸ್ಟಿಕ್ ಹಾಳೆಯನ್ನು ಇಲಿ ಹೆಗ್ಗಣಗಳೂ ಹೂಳೆತ್ತುವ ಯಂತ್ರಗಳೂ ಹರಿಯುತ್ತವೆ. ಮುಚ್ಚಿದ ಕೊಳವೆಯಲ್ಲಿ ಒಯ್ದರೆ ಸೋರಿಕೆ ಮತ್ತು ಮಳೆನೀರು ನುಗ್ಗುವುದು ಎರಡೂ ತಪ್ಪುತ್ತವೆ, ಲಾರಿಗಳ ದಾರಿಗೆ ಮೋರಿಯೂ ಬೇಡ. ಕಸ ತಡೆಯುವ ಜಾಲರಿಯನ್ನು ಪ್ರತಿದಿನ ಶುಚಿಗೊಳಿಸುವ ಹೊಣೆ ಯಾರದೆಂದು ಬರೆದಿಟ್ಟರೆ ಇದೇ ಉತ್ತಮ.

ಆದರೆ ಸೋರಿಕೆ ನಿಂತರೆ ನಿಮ್ಮ ಪಂಪಿಗೆ ಹಗುರವಾದಷ್ಟೇ ಅಕ್ಕಪಕ್ಕದ ಬಾವಿಗಳಿಗೆ ನಷ್ಟ. ಅವು ಇದುವರೆಗೆ ತುಂಬುತ್ತಿದ್ದುದು ಈ ಬಸಿನೀರಿನಿಂದಲೇ ಇರಬಹುದು, ಅದರ ಮೇಲೆ ನೀವು ಬೇರೆ ನೀರೆತ್ತುತ್ತಿದ್ದೀರಿ. ಗಣಿಗೂ ಬಾವಿಗಳಿಗೂ ನಡುವೆ ಇಂಗುಗುಂಡಿಯ ಸಾಲೊಂದನ್ನು ತೋಡಿ, ಎತ್ತಿದ ತಿಳಿನೀರಿನ ಒಂದು ಪಾಲನ್ನು ಅಲ್ಲಿಗೆ ಬಿಡುವುದು ಇದಕ್ಕೆ ಪರಿಹಾರ. ಕದಡಿದ ನೀರು ಬಿಟ್ಟರೆ ಹೂಳು ಅಲ್ಲಿಯೂ ತನ್ನ ಕೆಲಸ ಮಾಡಿ ಗುಂಡಿಯ ತಳವನ್ನು ಮುಚ್ಚಿಬಿಡುತ್ತದೆ.

ಮಟ್ಟಗೋಲು

ಮೂಲೆಯನ್ನು ಬಿಡುವ ಸಲಹೆಯನ್ನು ಮುಂದಿಟ್ಟಿದ್ದೇನೆ. ಒಪ್ಪಿಗೆ ಸಿಗದಿದ್ದರೆ ಕೊಳವೆ. ಕೊಳವೆಯಾದರೆ ಕೆಲಸದ ಅನುಕ್ರಮ ಹೇಗಿರಬೇಕು?

ಉತ್ತರ: ಕಾಲುವೆಯಂಚು

ಕಾಲುವೆ ಒಣಗಿರುವ ತಿಂಗಳುಗಳಲ್ಲಿ ಕೊಳವೆಯನ್ನು ಹೂಳಿ, ಎರಡೂ ತುದಿಗಳಲ್ಲಿ ತೂಬು ಕಟ್ಟಿ, ಹಳೆಯ ಕಾಲುವೆಯನ್ನು ಮುಟ್ಟದೆ ಹಾಗೆಯೇ ಬಿಡಿ. ಮುಂದಿನ ನೀರಾವರಿ ಋತು ಪೂರ್ತಿ ನೀರು ಕೊಳವೆಯಲ್ಲಿ ಹರಿಯಲಿ. ಕೆಳಗಿನ ಅಳತೆ ತೊಟ್ಟಿ ಹಿಂದಿನ ಋತುವಿನಷ್ಟೇ ನೀರನ್ನು ತೋರಿಸಿ, ಬೇಡಿಕೆ ಅತಿ ಹೆಚ್ಚಿರುವ ವಾರದಲ್ಲಿಯೂ ಕೊನೆಯ ತೂಬಿಗೆ ನೀರು ಮುಟ್ಟಿದ ಬಳಿಕವೇ ಹಳೆಯ ಒಡ್ಡಿಗೆ ಕೈಹಚ್ಚಿರಿ. ಅಲ್ಲಿಯವರೆಗೆ ಆ ಮೂಲೆಯ ಕಡೆಗೆ ಅಗೆತ ಬೇಡ. ಬೇರೆ ಮೂರು ಕಡೆಗಳಿಂದ ಅಗೆಯಲು ನಿಮಗೆ ಜಾಗವಿದೆ.